ಪದರ ಬಿಟ್ಟ ಬಿಲ್ಲಿಗೆ ಅಂಟಿನ ಆಯ್ಕೆ: ಒಂದು ಪ್ರಕರಣ ಅಧ್ಯಯನ

ಇಲ್ಲಿ ವಿವರಿಸುತ್ತಿರುವುದು 62 ಇಂಚು ಉದ್ದದ, ಹಿಡಿ ಮತ್ತು ತೋಳುಗಳು ಬಿಡಿಸಲಾಗದಂತೆ ಒಂದೇ ಕಟ್ಟಾಗಿರುವ ಒಂದು ರಿಕರ್ವ್ ಬಿಲ್ಲು, ಅಂದರೆ ತೋಳುಗಳ ತುದಿ ಗುರಿಯ ಕಡೆಗೆ ಬಾಗಿರುವಂಥದ್ದು. ಈಗ ಧಾರವಾಡದಲ್ಲಿ ನೆಲೆಸಿರುವ ನಿವೃತ್ತ ಪ್ರಾಧ್ಯಾಪಕರೊಬ್ಬರು 1970ರ ದಶಕದಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಅದನ್ನು ಕೊಂಡು, ಊರಿಗೆ ಮರಳುವಾಗ ಜೊತೆಗೆ ತಂದಿದ್ದರು. ಹಿಡಿಯ ಪಕ್ಕದಲ್ಲಿ ಬಿಳಿ ಶಾಯಿಯಿಂದ 28 ಇಂಚಿಗೆ 45 ಪೌಂಡ್ ಎಂದು ಬರೆದಿದೆ; ಹೆದೆಯನ್ನು 71 ಸೆಂಟಿಮೀಟರಿನಷ್ಟು ಸೆಳೆದಾಗ ಬೆರಳುಗಳ ಮೇಲೆ ಸುಮಾರು 20 ಕಿಲೋ ಭಾರ ಬೀಳುತ್ತದೆ ಎಂದು ಅದರ ಅರ್ಥ. ತೋಳುಗಳ ನಡುವಿರುವುದು ಮೇಪಲ್ ಮರದ ಎರಡು ತೆಳು ಪಟ್ಟಿಗಳು. ಅವುಗಳ ಎರಡೂ ಬದಿಗೆ, ನಾರುಗಳೆಲ್ಲ ಉದ್ದುದ್ದ ಸಾಗುವ ಕಪ್ಪು ಫೈಬರ್‌ಗ್ಲಾಸ್ ಪಟ್ಟಿಯನ್ನು ಅಂಟಿಸಿದ್ದಾರೆ. ಗುರಿಯ ಕಡೆಗಿರುವ ಮುಖವನ್ನು ಹೊರಮೈ ಎಂದೂ ಬಿಲ್ಲುಗಾರನ ಕಡೆಗಿರುವ ಮುಖವನ್ನು ಒಳಮೈ ಎಂದೂ ಮುಂದೆ ಕರೆಯುತ್ತೇನೆ.

ಕೆಳತೋಳಿನ ತುದಿಯಲ್ಲಿ, ಹೆದೆಯ ಕುಣಿಕೆ ಕೂರುವ ಕಚ್ಚಿನ ಕೆಳಗಿನಿಂದ ಹಿಡಿಯ ಕಡೆಗೆ, ಹೊರಮೈಯ ಫೈಬರ್‌ಗ್ಲಾಸ್ ಮರದಿಂದ ಬಿಟ್ಟುಕೊಂಡಿತ್ತು. ಒಂದು ಅಂಚಿನಲ್ಲಿ ಬಿರುಕು 11 ಸೆಂಟಿಮೀಟರ್ ಸಾಗಿತ್ತು, ಎದುರಿನ ಅಂಚಿನಲ್ಲಿ 6 ಸೆಂಟಿಮೀಟರ್. ಅಷ್ಟು ಉದ್ದದಲ್ಲಿ ತೋಳಿನ ಅಗಲ 18ರಿಂದ 24 ಮಿಲಿಮೀಟರ್, ದಪ್ಪ 7 ಮಿಲಿಮೀಟರ್. ಮನೆಯವರೊಬ್ಬರು ಮೊದಲೇ ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟನ್ನು ಬಿರುಕಿನ ಬಾಯಿಗೆ ಹನಿಸಿ, ಒತ್ತಿ ಹಿಡಿದಿದ್ದರು. ಅದು ಹೆದೆಯೇರಿಸಿದ ಕೂಡಲೇ ಟಪ್ಪೆಂದು ಬಿಟ್ಟುಕೊಂಡಿತ್ತು. ಯಾವ ಅಂಟು ಎಲ್ಲಕ್ಕಿಂತ ಗಟ್ಟಿ ಎಂಬುದು ಮಾಲೀಕರು ನನಗೆ ಕೇಳಿದ ಪ್ರಶ್ನೆ. ಉತ್ತರ ಹುಡುಕುತ್ತ ಹೋದಂತೆ, ಈ ದುರಸ್ತಿಯಲ್ಲಿ ಅಂಟಿನ ಗಟ್ಟಿತನಕ್ಕೆ ಇರುವ ಪಾಲು ಬಹಳ ಸಣ್ಣದು ಎಂಬುದು ಸ್ಪಷ್ಟವಾಯಿತು. ಆ ಕಾರಣಕ್ಕಾಗಿಯೇ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ.

ದುರಸ್ತಿಗೆ ಯೋಗ್ಯವೇ?

ಪದರ ಬಿಟ್ಟ ಬಿಲ್ಲನ್ನು ಕಂಡ ತಕ್ಷಣ ಅಂಟಿನ ಡಬ್ಬಿಗೆ ಕೈಹಾಕಬಾರದು. ಬಿರುಕು ಎಲ್ಲಿದೆ ಎಂಬುದರ ಮೇಲೆ ಮೊದಲ ತೀರ್ಮಾನ ನಿಂತಿದೆ. ಹಿಡಿಯ ಗಟ್ಟಿ ಮರ ತೆಳುವಾಗುತ್ತ ತೋಳಿನ ಪದರಗಳೊಳಗೆ ಮುಗಿಯುವ ಜಾಗದಲ್ಲಿ ಪದರ ಬಿಟ್ಟಿದ್ದರೆ ನಾನು ಆ ಬಿಲ್ಲನ್ನು ಗೋಡೆಗೆ ತೂಗಿಹಾಕಲು ಹೇಳುತ್ತೇನೆಯೇ ಹೊರತು ಮತ್ತೆ ಸೆಳೆಯಲು ಬಿಡುವುದಿಲ್ಲ. ಬಾಗುವಿಕೆಯ ಒತ್ತಡ ಬಹಳ ಹೆಚ್ಚಿರುವ ಭಾಗ ಅದು, ಮುರಿದರೆ ಮುಖಕ್ಕೆ ಹತ್ತಿರವಿರುವ ಭಾಗವೂ ಹೌದು. ಒಳಮೈಯ ಫೈಬರ್‌ಗ್ಲಾಸ್ ತೋಳಿನ ಮಧ್ಯದಲ್ಲಿ ಬಿಟ್ಟಿದ್ದರೂ ಅದೇ ಮಾತು. ಒಳಮೈ ಅದುಮಿಕೆಯಲ್ಲಿ ಕೆಲಸ ಮಾಡುವುದರಿಂದ, ಬಿಟ್ಟುಕೊಂಡ ಪಟ್ಟಿ ಹೊರಕ್ಕೆ ಉಬ್ಬಿ ಒಮ್ಮೆಲೇ ಸಿಡಿಯುತ್ತದೆ. ನಮ್ಮ ಪ್ರಕರಣದಲ್ಲಿ ದೋಷ ತುದಿಯಲ್ಲಿದೆ, ಹೊರಮೈಯಲ್ಲಿದೆ, ಫೈಬರ್‌ಗ್ಲಾಸಿನ ನಾರುಗಳು ಎಲ್ಲೂ ಮುರಿದಿಲ್ಲ. ಬೆರಳಿನಿಂದ ಒತ್ತಿದರೆ ಪಟ್ಟಿ ಮರದ ಮೇಲೆ ಸರಿಯಾಗಿ ಕೂರುತ್ತದೆ. ಹಾಗಾಗಿ ದುರಸ್ತಿಗೆ ಒಪ್ಪಿದೆ.

ಕೆಲಸಕ್ಕೆ ಬಂದಿದ್ದ ಬಡಗಿಯೊಬ್ಬರು ಬಿಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿ, “ಸರ, ಎರಡ ಸಣ್ಣ ಸ್ಕ್ರೂ ಹಾಕಿ ಬಿಗದ್ರ ಮುಗೀತಲ್ರೀ” ಎಂದರು. ಬಾಗಿಲಿನ ಚೌಕಟ್ಟಿಗೆ ಅದು ಒಪ್ಪುವ ಮಾತು. ಬಿಲ್ಲಿನ ಹೊರಮೈಯಲ್ಲಿ ತೂತು ಹೊಡೆದರೆ ಎಳೆತವನ್ನು ಹೊರುವ ನಾರುಗಳೇ ತುಂಡಾಗುತ್ತವೆ, ತೂತಿನ ಅಂಚಿನಿಂದ ಹೊಸ ಬಿರುಕು ಹೊರಡುತ್ತದೆ. ಇದನ್ನು ವಿವರಿಸಿದ ಮೇಲೆ, “ಹಂಗಾದ್ರ ಅಂಟೊಂದ ದಾರಿ ಬಿಡ್ರಿ” ಎಂದು ಅವರೇ ಒಪ್ಪಿದರು. ಮುಂದೆ ಒತ್ತುಪಟ್ಟಿ ತಯಾರಿಸುವ ಕೆಲಸದಲ್ಲಿ ಅವರ ಕೈ ನನಗಿಂತ ಚೆನ್ನಾಗಿ ಓಡಿತು.

ಪದರ ಬಿಟ್ಟದ್ದು ಏಕೆ

ಬಿಲ್ಲು ಬಾಗಿದಾಗ ಪದರಗಳು ಒಂದರ ಮೇಲೊಂದು ಜಾರಲು ಹವಣಿಸುತ್ತವೆ, ಅಂಟುಗೆರೆ ಆ ಜಾರುವಿಕೆಯನ್ನು ತಡೆಯುತ್ತದೆ. ಒಂದೇ ದಪ್ಪದ ಎರಡು ಪಟ್ಟಿಗಳನ್ನು ಅಂಟಿಸದೆ ಸುಮ್ಮನೆ ಜೋಡಿಸಿ ಬಾಗಿಸಿದರೆ ಅವುಗಳ ಬಿಗಿ, ಅಂಟಿಸಿದ ಜೋಡಿಯ ಬಿಗಿಯ ನಾಲ್ಕನೇ ಒಂದು ಪಾಲು ಮಾತ್ರ. ಬಿಲ್ಲಿನ ಬಲದಲ್ಲಿ ಅಂಟಿನ ಪಾತ್ರ ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ಆದರೆ ಈ ಜಾರು ಒತ್ತಡದ ಪ್ರಮಾಣ ದೊಡ್ಡದೇನಲ್ಲ. ಪೂರ್ತಿ ಸೆಳೆದಾಗ ಹೆದೆ ತೋಳಿನ ತುದಿಯನ್ನು ಅಡ್ಡಲಾಗಿ ಎಳೆಯುವ ಬಲ, ಅಲ್ಲಿನ ಅಗಲ ಮತ್ತು ದಪ್ಪ, ಇವಿಷ್ಟನ್ನು ಹಿಡಿದು ಒರಟಾಗಿ ಲೆಕ್ಕ ಹಾಕಿದರೆ ಅಂಟುಗೆರೆಯ ಮೇಲೆ 2 ಮೆಗಾಪಾಸ್ಕಲ್ ಆಸುಪಾಸಿನ ಒತ್ತಡ ಬರುತ್ತದೆ. ಗಟ್ಟಿ ಮೇಪಲ್ ಮರವೇ ನಾರಿನ ಗುಂಟ ಸುಮಾರು 16 ಮೆಗಾಪಾಸ್ಕಲ್ ತಡೆಯುತ್ತದೆ, ಎರಡು ಭಾಗಗಳನ್ನು ಬೆರೆಸಿ ಹಚ್ಚುವ ಅಂಟಾದ ಎಪಾಕ್ಸಿ, ಒಳ್ಳೆಯದಾದರೆ, ಅದಕ್ಕೆ ಸಮನಾಗಿ ನಿಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ಮರದ ಅಂಟುಗಳೆಲ್ಲವೂ ಕಾಗದದ ಮೇಲಿನ ಈ ಪರೀಕ್ಷೆಯಲ್ಲಿ ಆರಾಮವಾಗಿ ತೇರ್ಗಡೆಯಾಗುತ್ತವೆ. ಡಬ್ಬಿಯ ಮೇಲೆ ಅಚ್ಚಾದ ಬಲದ ಅಂಕಿಯಿಂದ ಬಿಲ್ಲಿನ ಅಂಟನ್ನು ಆರಿಸಲಾಗದು ಎಂದು ನಾನು ಹೇಳುವುದು ಇದಕ್ಕೇ.

ನಿಜವಾದ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ. ರಿಕರ್ವ್ ಬಿಲ್ಲಿನ ತುದಿ ಗುರಿಯ ಕಡೆಗೆ ಬಾಗಿರುತ್ತದೆ, ಅಂದರೆ ಅಲ್ಲಿ ಹೊರಮೈ ತಗ್ಗಿನ ಬದಿಯಲ್ಲಿದೆ. ಹೆದೆಯನ್ನು ಸೆಳೆದಾಗ ಆ ಬಾಗು ಬಿಚ್ಚಿಕೊಳ್ಳುತ್ತದೆ. ಬಾಗಿದ ಕೊಳವೆಯೊಳಗೆ ಹಾಯಿಸಿದ ಹಗ್ಗವನ್ನು ಎರಡೂ ಕಡೆಯಿಂದ ಜಗ್ಗಿದರೆ ಅದು ಒಳಬದಿಯ ಗೋಡೆಗೆ ಒತ್ತಿಕೊಂಡು ನೇರವಾಗಲು ನೋಡುತ್ತದಲ್ಲ, ಹಾಗೆಯೇ ಎಳೆತಕ್ಕೆ ಸಿಕ್ಕ ಹೊರಮೈಯ ಪಟ್ಟಿಯೂ ತಗ್ಗನ್ನು ಬಿಟ್ಟು ನೇರವಾಗಲು, ಎಂದರೆ ಮರದಿಂದ ಮೇಲೇಳಲು ಹವಣಿಸುತ್ತದೆ. ಆಗ ಅಂಟುಗೆರೆಯ ಮೇಲೆ ಬೀಳುವುದು ಜಾರು ಒತ್ತಡವಷ್ಟೇ ಅಲ್ಲ, ಪದರಗಳನ್ನು ಒಂದರಿಂದೊಂದು ಕೀಳುವ ಎಳೆತವೂ ಹೌದು. ಬಹುತೇಕ ಅಂಟುಗಳು ಜಾರು ಒತ್ತಡದಲ್ಲಿ ಬಲಶಾಲಿಗಳು, ಸಿಪ್ಪೆ ಸುಲಿದಂತೆ ಅಂಚಿನಿಂದ ಎಬ್ಬಿಸುವ ಬಲದ ಮುಂದೆ ದುರ್ಬಲ. ಗಡಸಾಗಿ, ಗಾಜಿನಂತೆ ಆರುವ ಸಯನೋಅಕ್ರಿಲೇಟ್ ಟಪ್ಪೆಂದು ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಮೇಲಿನ ತೋಳು ಗಟ್ಟಿಯಾಗಿದ್ದು ಕೆಳತೋಳು ಮಾತ್ರ ಬಿಟ್ಟದ್ದೇಕೆ ಎಂಬುದು ಮನೆಗೆ ಹೋಗಿ ನೋಡಿದಾಗ ತಿಳಿಯಿತು. ಬಿಲ್ಲನ್ನು ಹೆದೆಯೇರಿಸಿಯೇ ಅಲಂಕಾರಕ್ಕೆಂದು ಹಜಾರದ ಗೋಡೆಗೆ ತೂಗುಹಾಕಿದ್ದರು. ಪಶ್ಚಿಮದ ಕಿಟಕಿಯಿಂದ ಬರುವ ಸಂಜೆಬಿಸಿಲು ಗೋಡೆಯ ಕೆಳಭಾಗಕ್ಕೆ ಬೀಳುತ್ತಿತ್ತು. ಮೇಲಿನ ತೋಳಿಗೆ ಕಿಟಕಿಯ ಪರದೆಯ ಮರೆಯಿತ್ತು. ಕಪ್ಪು ಫೈಬರ್‌ಗ್ಲಾಸ್ ಬಿಸಿಲಿನಲ್ಲಿ ಕಾದರೆ ಸುತ್ತಲಿನ ಗಾಳಿಗಿಂತ ಬಹಳ ಬಿಸಿಯಾಗುತ್ತದೆ, ಕೋಣೆಯ ಉಷ್ಣತೆಯಲ್ಲಿ ಆರಿದ ಎಪಾಕ್ಸಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಮೆದುವಾಗತೊಡಗುತ್ತದೆ. ಹೆದೆಯೇರಿಸಿದ ಬಿಲ್ಲಿನಲ್ಲಿ ಕೀಳುವ ಎಳೆತ ಹಗಲಿರುಳು ಇದ್ದೇ ಇರುತ್ತದೆ. ವರ್ಷಗಟ್ಟಲೆ ಪ್ರತಿ ಬೇಸಿಗೆಯಲ್ಲಿ ಬಿಸಿಯೂ ಎಳೆತವೂ ಕೂಡಿ ಕೆಲಸ ಮಾಡಿದಾಗ ಅಂಟು ನಿಧಾನವಾಗಿ ಸರಿಯುತ್ತ ಹೋಗಿ ಕೊನೆಗೆ ಕೈಬಿಡುತ್ತದೆ.

ತೇವಕ್ಕೂ ಇದರಲ್ಲಿ ಪಾಲಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ 40 ಶೇಕಡಾ ಇರುವ ಬೇಸಿಗೆಯಲ್ಲಿ ಮರದ ತೇವಾಂಶ 7–8 ಶೇಕಡಾ, 90 ಶೇಕಡಾ ಇರುವ ಮಳೆಗಾಲದಲ್ಲಿ 20 ಶೇಕಡಾವರೆಗೂ ಹೋಗಬಹುದು. 20 ಮಿಲಿಮೀಟರ್ ಅಗಲದ ಮೇಪಲ್ ಪಟ್ಟಿ ಅಷ್ಟು ಏರಿಳಿತಕ್ಕೆ, ಸೀಳಿದ ದಿಕ್ಕನ್ನು ಅವಲಂಬಿಸಿ, ಅಗಲದಲ್ಲಿ 0.3ರಿಂದ 0.7 ಮಿಲಿಮೀಟರ್‌ವರೆಗೆ ಹಿಗ್ಗಿ ಕುಗ್ಗುತ್ತದೆ. ಅದರ ಮೇಲೆ ಕೂತ ಫೈಬರ್‌ಗ್ಲಾಸ್ ತೇವಕ್ಕೆ ಅಲುಗುವುದೇ ಇಲ್ಲ. ವಾರ್ನಿಶ್ ಗಟ್ಟಿಯಿರುವವರೆಗೆ ಈ ಏರಿಳಿತ ನಿಧಾನವಾಗಿರುತ್ತದೆ. ಕೆಳತುದಿಯಲ್ಲಿ ನೆಲಕ್ಕೆ ತಗುಲಿ ತಗುಲಿ ವಾರ್ನಿಶ್ ಸವೆದು ಬರಿಯ ಮರ ಕಾಣುತ್ತಿತ್ತು.

ಬಿರುಕಿನ ಒಳಗೆ ಕಂಡದ್ದು

ತೆಳ್ಳಗಿನ ಸ್ಟೀಲ್ ಪಟ್ಟಿಯಿಂದ ಪದರವನ್ನು ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚು ಎಬ್ಬಿಸದೆ, ಪಕ್ಕದಿಂದ ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ಒಳಗೆ ನೋಡಿದೆ. ಅಂಟಿನ ಆಯ್ಕೆಯನ್ನು ನಿರ್ಧರಿಸಿದ್ದು ಈ ನೋಟವೇ. ಹಳೆಯ ಅಂಟು ಬಹುಪಾಲು ಮರದ ಮೇಲೆಯೇ ಉಳಿದಿತ್ತು, ತೆಳು ಜೇನುಬಣ್ಣದ ಹೊಳೆಯುವ ಪೊರೆಯಾಗಿ. ಎದುರಿನ ಫೈಬರ್‌ಗ್ಲಾಸ್ ಮುಖ ಅಂಟಿನ ಗುರುತೇ ಇಲ್ಲದಷ್ಟು ಸ್ವಚ್ಛವಾಗಿತ್ತು, ಕಾರ್ಖಾನೆಯಲ್ಲಿ ಉಜ್ಜಿದ ಸಣ್ಣ ಗೀರುಗಳು ಮಾತ್ರ ಕಾಣುತ್ತಿದ್ದವು. ಬಿರುಕಿನ ಕೊನೆಯ ಒಂದೆರಡು ಸೆಂಟಿಮೀಟರಿನಲ್ಲಷ್ಟೇ ಮರದ ನಾರುಗಳು ಕಿತ್ತು ಅಂಟಿನ ಜೊತೆ ಬಂದಿದ್ದವು. ಮರವೇ ಹರಿದಿದ್ದರೆ ಅಂಟು ತನ್ನ ಕೆಲಸ ಮಾಡಿತ್ತು ಎನ್ನಬಹುದಿತ್ತು. ಇಲ್ಲಿ ಅಂಟು ಫೈಬರ್‌ಗ್ಲಾಸಿನ ಮುಖವನ್ನು ಬಿಟ್ಟುಕೊಟ್ಟಿತ್ತು. ಹೊಸ ಅಂಟು ಹಿಡಿಯಬೇಕಾದ ಕಷ್ಟದ ಮೇಲ್ಮೈ ಮರದ್ದಲ್ಲ, ತೇವವನ್ನೇ ಹೀರದ ಆ ಕಪ್ಪು ಪಟ್ಟಿಯದು.

ಹಳೆಯ ಅಂಟು ಯಾವುದೆಂದು ತಿಳಿಯುವುದೂ ಅಗತ್ಯವಿತ್ತು. ಇಪ್ಪತ್ತನೆಯ ಶತಮಾನದ ನಡುಭಾಗದ ಅಮೆರಿಕದ ಬಿಲ್ಲುಗಳಲ್ಲಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟೂ ಬಳಕೆಯಲ್ಲಿತ್ತು, ಎಪಾಕ್ಸಿಯೂ ಇತ್ತು. ಬಿರುಕಿನ ಬಾಯಿಂದ ಸಾಸಿವೆ ಕಾಳಿನಷ್ಟು ಚೂರನ್ನು ಕೆರೆದು, ಕಾದ ಚಮಚದ ಮೇಲಿಟ್ಟು ಸೂಜಿಯಿಂದ ಒತ್ತಿದಾಗ ಅದು ರಬ್ಬರಿನಂತೆ ಮೆತ್ತಗಾಗಿ, ತಣ್ಣಗಾದ ಮೇಲೆ ಮತ್ತೆ ಗಡಸಾಯಿತು. ಯೂರಿಯಾ ಅಂಟಾಗಿದ್ದರೆ ಮೆತ್ತಗಾಗದೆ ಕರಕಾಗುತ್ತಿತ್ತು. ಹಳೆಯದು ಎಪಾಕ್ಸಿ ಎಂದಾದ ಮೇಲೆ ಎರಡು ಸಂಗತಿಗಳು ನಿಶ್ಚಯವಾದವು. ಚೆನ್ನಾಗಿ ಉಜ್ಜಿದ ಹಳೆಯ ಎಪಾಕ್ಸಿಯ ಮೇಲೆ ಹೊಸ ಎಪಾಕ್ಸಿ ಹಿಡಿಯುತ್ತದೆ, ಆದ್ದರಿಂದ ಆ ಪೊರೆಯನ್ನು ಪೂರ್ತಿ ಕೆರೆದು ತೆಗೆಯುವ ಅಸಾಧ್ಯ ಕೆಲಸ ತಪ್ಪಿತು. ಎರಡನೆಯದಾಗಿ, ಬಿಲ್ಲಿನ ಉಳಿದ ಅಂಟುಗೆರೆಗಳಿಗೂ ಬಿಸಿಯ ಮಿತಿ ಇದೆ, ದುರಸ್ತಿಯ ಹೊತ್ತಿನಲ್ಲಿ ಅದನ್ನು ದಾಟಬಾರದು.

ಅಂಟುಗಳನ್ನು ಒರೆಗೆ ಹಚ್ಚಿದ್ದು

ಬಡಗಿಗಳ ಬಿಳಿ ಅಂಟು, ಅಂದರೆ ಫೆವಿಕಾಲ್ ಮಾದರಿಯ ಪಿವಿಎ, ನೀರು ಆರಿದಾಗ ಗಟ್ಟಿಯಾಗುವಂಥದ್ದು. ಕನಿಷ್ಠ ಒಂದು ಕಡೆಯ ಮರ ಆ ನೀರನ್ನು ಹೀರಬೇಕು. ನಮ್ಮ ಬಿರುಕಿನಲ್ಲಿ ಒಂದು ಕಡೆ ಫೈಬರ್‌ಗ್ಲಾಸ್, ಇನ್ನೊಂದು ಕಡೆ ಮರವನ್ನು ಮುಚ್ಚಿದ ಎಪಾಕ್ಸಿ ಪೊರೆ, ನೀರು ಹೋಗುವುದೆಲ್ಲಿಗೆ? ಅದು ಆರಿದರೂ ಸತತ ಎಳೆತಕ್ಕೆ ಸಿಕ್ಕಾಗ ನಿಧಾನವಾಗಿ ಜಾರುವ ಗುಣ ಪಿವಿಎಗೆ ಇದೆ. ತೇವ ತಡೆಯುವಂತೆ ಮಾರ್ಪಡಿಸಿದ ಬಗೆಗಳು ಮೇಲುಮಟ್ಟದವು. ಬರೀ ಮರ ಮತ್ತು ಬಿದಿರಿನ ಪದರಗಳ ಬಿಲ್ಲಾಗಿದ್ದರೆ ಅಂಥ ಅಂಟನ್ನು ನಾನೇ ಆರಿಸುತ್ತಿದ್ದೆ. ಫೈಬರ್‌ಗ್ಲಾಸ್ ಇರುವಲ್ಲಿ ಅದರ ಮಾತು ಬೇಡ.

ಪ್ರಾಣಿಗಳ ಚರ್ಮ, ಸ್ನಾಯು ಮತ್ತು ಮೀನಿನ ಗಾಳಿಚೀಲದಿಂದ ತೆಗೆಯುವ ಅಂಟುಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಕೊಂಬು, ಮರ, ಸ್ನಾಯು ಕೂಡಿಸಿದ ತುರ್ಕಿಯ ಮತ್ತು ಮೊಘಲರ ಕಾಲದ ಬಿಲ್ಲುಗಳು ಅಂಥ ಅಂಟಿನ ಮೇಲೆಯೇ ನಿಂತಿದ್ದವು, ಅವುಗಳ ಬಲ ಇಂದಿನ ಬಹಳಷ್ಟು ಬಿಲ್ಲುಗಳನ್ನು ಮೀರಿಸುವಂಥದ್ದು. ಆದರೆ ಆ ಬಿಲ್ಲುಗಳಿಗೆ ಮಳೆಗಾಲ ಶತ್ರು. ತೇವ ಹೀರಿದ ಕೂಡಲೇ ಆ ಅಂಟು ಮೆದುವಾಗುತ್ತದೆ, ಉಜ್ಜಿದ ಫೈಬರ್‌ಗ್ಲಾಸಿಗಂತೂ ಅದು ನೆಚ್ಚುವಂತೆ ಹಿಡಿಯುವುದಿಲ್ಲ.

ರೆಸಾರ್ಸಿನಾಲ್ ಮತ್ತು ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟುಗಳನ್ನು ಬದಿಗಿಟ್ಟದ್ದಕ್ಕೆ ಕಾರಣ ಸಂದು. ಬಿರುಕನ್ನು ಉಜ್ಜಿ ಶುಚಿಗೊಳಿಸಿದ ಮೇಲೆ ಎಷ್ಟು ಒತ್ತಿದರೂ ಅಲ್ಲಲ್ಲಿ 0.1ರಿಂದ 0.3 ಮಿಲಿಮೀಟರ್ ಸಂದು ಉಳಿಯುತ್ತದೆ. ರೆಸಾರ್ಸಿನಾಲ್ ನೀರಿಗೂ ಬಿಸಿಗೂ ಜಗ್ಗದ ಅಂಟು, ದೋಣಿ ಕಟ್ಟುವವರ ಹಳೆಯ ನೆಚ್ಚಿನದು, ಆದರೆ ಅದಕ್ಕೆ ಎರಡು ಮುಖಗಳು ಬಿಗಿಯಾಗಿ ಕೂಡಿರಬೇಕು, ಒತ್ತಡವೂ ಜೋರಾಗಿ ಬೇಕು.

ಸಂದಿನ ವಿಷಯದಲ್ಲಿ 1944ರ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಮರದ ಪದರಗಳಿಂದ ಕಟ್ಟಿದ ಬ್ರಿಟಿಷ್ ವಾಯುಪಡೆಯ ಮಾಸ್ಕಿಟೊ ವಿಮಾನಗಳು ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಭಾರತದಲ್ಲಿ ಹಾರಾಟದ ನಡುವೆಯೇ ರೆಕ್ಕೆ ಮುರಿದು ಬಿದ್ದವು. ಈ ವಿಮಾನಕ್ಕೆ ಪೈಲಟ್‌ಗಳನ್ನು ತಯಾರು ಮಾಡುವ ಘಟಕವೊಂದು ನಮ್ಮ ಯಲಹಂಕದಲ್ಲಿಯೇ ಇತ್ತು. ಅನುಮಾನ ಮೊದಲು ಹೋದದ್ದು ಇಲ್ಲಿನ ಸೆಕೆ, ಮಳೆ ಮತ್ತು ಅಂಟಿನ ಮೇಲೆ. ಮುಂದಿನ ತನಿಖೆ ತೋರಿಸಿದ್ದು ತಯಾರಿಕೆಯ ದೋಷವನ್ನು: ರೆಕ್ಕೆಯ ಹೊದಿಕೆ ಒಳಗಿನ ತೊಲೆಯ ಮೇಲೆ ಸರಿಯಾಗಿ ಕೂರದೆ, ಅಂಟು ಹಿಡಿಯಬೇಕಾದಲ್ಲಿ ಸಂದು ಉಳಿದಿತ್ತು. ಅಂಟು ಬದಲಿಸಿದರೆ ಸಾಕು ಎಂದುಕೊಳ್ಳುವ ಪ್ರತಿಯೊಬ್ಬ ದುರಸ್ತಿಗಾರನೂ ಈ ಪ್ರಕರಣವನ್ನು ತಿಳಿದಿರಬೇಕು ಎಂದು ನನ್ನ ಅಭಿಪ್ರಾಯ.

ಪಾಲಿಯುರೆಥೇನ್ ಅಂಟು ಸಂದನ್ನು ತುಂಬಿದಂತೆ ಕಾಣುತ್ತದೆ, ಆದರೆ ತುಂಬುವುದು ನೊರೆ. ನೊರೆಗೆ ಬಲವಿಲ್ಲ, ಉಬ್ಬುವಾಗ ಅದು ಪದರವನ್ನು ಇನ್ನಷ್ಟು ಎಬ್ಬಿಸುವ ಸಂಭವವೂ ಇದೆ.

ಉಳಿದದ್ದು ಎಪಾಕ್ಸಿ. ಅದು ಆರುವಾಗ ನೀರನ್ನಾಗಲಿ ದ್ರಾವಕವನ್ನಾಗಲಿ ಹೊರಬಿಡಬೇಕಿಲ್ಲ, ಹೆಚ್ಚು ಕುಗ್ಗುವುದಿಲ್ಲ, ಅಲ್ಪ ಒತ್ತಡ ಸಾಕು, ತೆಳು ಸಂದನ್ನು ಬಲವಾಗಿಯೇ ತುಂಬುತ್ತದೆ, ಉಜ್ಜಿದ ಫೈಬರ್‌ಗ್ಲಾಸಿಗೆ ಹಿಡಿಯುತ್ತದೆ. ಆದರೆ ಎಪಾಕ್ಸಿ ಎಂದರೆ ಒಂದೇ ವಸ್ತುವಲ್ಲ. ಐದು ನಿಮಿಷದಲ್ಲಿ ಆರುವ ಬಗೆಯನ್ನು ಬಿಲ್ಲಿಗೆ ಬಳಸಲೇಬಾರದು. ಬಿಸಿಗೂ ತೇವಕ್ಕೂ ಅದು ಬೇಗ ಸೋಲುತ್ತದೆ, ಜೊತೆಗೆ ಸೀಳಿನ ಒಳಗೆ ಅಂಟನ್ನು ತಲುಪಿಸುವ ಮೊದಲೇ ಬಿಗಿದುಕೊಳ್ಳುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಗಾಜಿನ ಬಟ್ಟೆಯ ಹಲಗೆ ಎರೆಯಲು ಬಳಸುವ ಎಲ್‌ವೈ 556 ರೆಸಿನ್ (ಮೂಲ ಅಂಟು) ಮತ್ತು ಎಚ್‌ವೈ 951 ಹಾರ್ಡನರ್ (ಅದನ್ನು ಗಟ್ಟಿಗೊಳಿಸುವ ಭಾಗ) ಜೋಡಿಯನ್ನೂ ಪರಿಶೀಲಿಸಿದೆ. ಅದನ್ನು ತೂಕದಲ್ಲಿ 100ಕ್ಕೆ 10ರಂತೆ ಬೆರೆಸಬೇಕು. ನಮಗೆ ಬೇಕಾದ್ದು 5 ಗ್ರಾಂ. ಅದಕ್ಕೆ ಅರ್ಧ ಗ್ರಾಂ ಹಾರ್ಡನರ್. ಅಡುಗೆಮನೆಯ ತಕ್ಕಡಿಯಲ್ಲಿ ಅಷ್ಟು ಸೂಕ್ಷ್ಮ ಸಿಗುವುದಿಲ್ಲ, ಅಳತೆ ತುಸು ತಪ್ಪಿದರೂ ಅಂಟು ಎಂದೆಂದಿಗೂ ಜಿಗುಟಾಗಿಯೇ ಉಳಿಯುತ್ತದೆ. ಮೇಲಾಗಿ ಅದು ಆರಿದ ಮೇಲೆ ಗಡಸು, ಕೀಳುವ ಎಳೆತಕ್ಕೆ ತಕ್ಕ ಹದ ಅದಕ್ಕಿಲ್ಲ. ಅಮೆರಿಕದ ಬಿಲ್ಲು ತಯಾರಕರು ನೆಚ್ಚಿಕೊಂಡಿರುವ ಸ್ಮೂತ್-ಆನ್ ಇಎ-40 ಎಪಾಕ್ಸಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ಐದು ಗ್ರಾಂ ಬಳಕೆಗಾಗಿ ಅದನ್ನು ಹಡಗಿನಲ್ಲೋ ವಿಮಾನದಲ್ಲೋ ತರಿಸುವುದು ನನಗೆ ಸರಿಕಾಣಲಿಲ್ಲ.

ಕೊನೆಗೆ ಆರಿಸಿದ್ದು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುವ, ನಿಧಾನವಾಗಿ ಆರುವ ಅರಾಲ್ಡೈಟ್ ಸ್ಟ್ಯಾಂಡರ್ಡ್, ಅಂದರೆ ಎಡಬ್ಲ್ಯೂ 106 ರೆಸಿನ್ ಮತ್ತು ಎಚ್‌ವಿ 953 ಹಾರ್ಡನರ್. ಗಾತ್ರದಲ್ಲಿ ಸಮಸಮ, ತೂಕದಲ್ಲಾದರೆ 100ಕ್ಕೆ 80ರಂತೆ ಬೆರೆಸುವುದರಿಂದ ಅಲ್ಪ ಪ್ರಮಾಣದಲ್ಲಿಯೂ ಅಳತೆ ತಪ್ಪುವುದಿಲ್ಲ. ಅದರ ಹಾರ್ಡನರ್ ಪಾಲಿಅಮೈಡ್ ಜಾತಿಯದಾದ್ದರಿಂದ ಆರಿದ ಅಂಟು ಗಾಜಿನಂತೆ ಗಡಸಾಗದೆ ತುಸು ಬಾಗುವ ಗುಣವನ್ನು ಉಳಿಸಿಕೊಳ್ಳುತ್ತದೆ. ಅಂಚಿನಿಂದ ಕೀಳುವ ಬಲಕ್ಕೆ ಬೇಕಾದದ್ದು ಈ ಗುಣವೇ. ಬೆರೆಸಿದ ಮೇಲೆ ಒಂದು ಗಂಟೆಗೂ ಮಿಕ್ಕಿ ಕೆಲಸ ಮಾಡಬಹುದು. ಅದರ ದೋಷಗಳು ಎರಡು. ಅದು ಜೇನಿಗಿಂತ ಮಂದ, ಕೂದಲೆಳೆಯಷ್ಟು ಸೀಳಿಗೆ ತಾನಾಗಿ ಇಳಿಯುವುದಿಲ್ಲ. ಕೋಣೆಯ ಉಷ್ಣತೆಯಲ್ಲಿಯೇ ಆರಲು ಬಿಟ್ಟರೆ ಬಿಸಿಲಿಗೆ ಮೆದುವಾಗುವ ಹಳೆಯ ಕತೆಯೇ ಮರುಕಳಿಸುತ್ತದೆ. ಎರಡಕ್ಕೂ ಹದವಾದ ಬಿಸಿಯೇ ಪರಿಹಾರ.

ಅಂಟಿಸಿದ ಬಗೆ

ಕೆಲಸವನ್ನು ಮಳೆಗಾಲ ಮುಗಿದು ಗಾಳಿ ಒಣಗುವವರೆಗೆ ಮುಂದೂಡಿದೆ. ತೇವಗೊಂಡ ಮರವನ್ನು ಹಾಗೆಯೇ ಅಂಟಿಸಿದರೆ ಬೇಸಿಗೆಯಲ್ಲಿ ಅದು ಕುಗ್ಗಿ ಹೊಸ ಅಂಟುಗೆರೆಯನ್ನೇ ಜಗ್ಗುತ್ತದೆ. ಮೀಟರ್‌ನಲ್ಲಿ ಮರದ ತೇವಾಂಶ 10 ಶೇಕಡಾ ತೋರಿಸಿದ ಮೇಲಷ್ಟೇ ಬಿರುಕಿಗೆ ಕೈಹಚ್ಚಿದ್ದು.

ಮೊದಲು ಸಯನೋಅಕ್ರಿಲೇಟ್ ತೆಗೆಯಬೇಕಿತ್ತು. ಅಸಿಟೋನಿನಲ್ಲಿ ಅದ್ದಿದ ತೆಳು ಬಟ್ಟೆಯ ಪಟ್ಟಿಯನ್ನು ಸೀಳಿನಲ್ಲಿಟ್ಟರೆ ಅದು ನಿಧಾನವಾಗಿ ಕರಗುತ್ತದೆ. ಅಸಿಟೋನ್ ವಾರ್ನಿಶನ್ನೂ ತಿನ್ನುವುದರಿಂದ ಸುತ್ತ ಟೇಪ್ ಹಚ್ಚಿದ್ದೆ. ಬಳಿಕ 120 ನಂಬರಿನ ಸ್ಯಾಂಡ್‌ಪೇಪರನ್ನು ಬೆರಳಗಲ ಕತ್ತರಿಸಿ, ಒರಟು ಮುಖ ಫೈಬರ್‌ಗ್ಲಾಸಿನ ಕಡೆಗಿರುವಂತೆ ಸೀಳಿನೊಳಗೆ ತೂರಿಸಿ, ಮೇಲಿನಿಂದ ಬೆರಳಲ್ಲಿ ಒತ್ತುತ್ತ ಅಡ್ಡಡ್ಡ ಎಳೆದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಪಟ್ಟಿ ಹಾಯುವ 6 ಸೆಂಟಿಮೀಟರ್ ಸಲೀಸಾಗಿ ಆಯಿತು. ಒಂದೇ ಅಂಚು ತೆರೆದಿರುವ ಉಳಿದ ಭಾಗಕ್ಕೆ ಪೇಪರನ್ನು ತೆಳು ಸ್ಟೀಲ್ ಪಟ್ಟಿಗೆ ಅಂಟಿಸಿಕೊಂಡು ಒಳಗೆ ಹೊರಗೆ ಆಡಿಸಬೇಕಾಯಿತು. ಆಮೇಲೆ ಪೇಪರನ್ನು ತಿರುವಿ ಮರದ ಮೇಲಿನ ಹಳೆಯ ಎಪಾಕ್ಸಿಯನ್ನೂ ಹಾಗೆಯೇ ಉಜ್ಜಿದೆ. ಹೊಳಪು ಎಲ್ಲೂ ಉಳಿಯಬಾರದು. ಟಾರ್ಚಿನ ಬೆಳಕಿಗೆ ಇಡೀ ಮುಖ ಮಬ್ಬು ಬೂದಿಬಣ್ಣವಾಗಿ ಕಾಣಬೇಕು. ಗಾಜಿನ ನಾರಿನ ಪುಡಿ ಶ್ವಾಸಕೋಶಕ್ಕೆ ಹಾನಿ, ಮಾಸ್ಕ್ ಇಲ್ಲದೆ ಈ ಕೆಲಸ ಬೇಡ. ಪುಡಿಯನ್ನು ಗಾಳಿ ಊದಿ ತೆಗೆದು, ಅಸಿಟೋನ್ ಹಚ್ಚಿದ ಬಿಳಿ ಬಟ್ಟೆಯಿಂದ, ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೂ ಒರೆಸಿದೆ.

ಅಂಟು ಹಾಕುವ ಮುನ್ನ ಒಮ್ಮೆ ಅಂಟಿಲ್ಲದೆಯೇ ಇಡೀ ಕಟ್ಟನ್ನು ಬಿಗಿದು ನೋಡಿದೆವು. ಬಡಗಿಯವರು ತುದಿಯ ಬಾಗಿಗೆ ಸರಿಹೊಂದುವಂತೆ ಸಾಗುವಾನಿಯ ಒತ್ತುಪಟ್ಟಿಯನ್ನು ಕೆತ್ತಿ, ಅದರ ಮುಖಕ್ಕೆ ಕಾರ್ಕ್ ಹಾಳೆ ಹಚ್ಚಿಕೊಟ್ಟಿದ್ದರು. ಸಿ-ಕ್ಲಾಂಪ್‌ಗಳನ್ನು ನಾನು ಬೇಡವೆಂದೆ. ಅವು ಒಂದೆರಡು ಬಿಂದುಗಳಲ್ಲಿ ಮಾತ್ರ ಬಲವಾಗಿ ಅದುಮಿ ಅಲ್ಲಿನ ಅಂಟನ್ನೆಲ್ಲ ಹಿಂಡಿ ಹೊರಹಾಕುತ್ತವೆ, ಎಪಾಕ್ಸಿಗೆ ಬೇಕಾದದ್ದು ಮೆದುವಾದ, ಎಲ್ಲೆಡೆ ಸಮನಾದ ಒತ್ತಡ. ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಉದ್ದುದ್ದ ಕತ್ತರಿಸಿ, ಅರ್ಧಕ್ಕರ್ಧ ಮೇಲೇರುವಂತೆ ಎಳೆದು ಸುತ್ತಿದರೆ ಆ ಒತ್ತಡ ತಾನಾಗಿ ಸಿಗುತ್ತದೆ. ಬಿಲ್ಲು ತಯಾರಿಸುವವರು ಬಹುಕಾಲದಿಂದ ಬಳಸುತ್ತ ಬಂದಿರುವ ಉಪಾಯವಿದು.

ರೆಸಿನ್ ಮತ್ತು ಹಾರ್ಡನರನ್ನು ಬೆರೆಸುವ ಮೊದಲೇ ಅವುಗಳ ಟ್ಯೂಬುಗಳನ್ನು ಸುಮಾರು 40 ಡಿಗ್ರಿಯ ಬಿಸಿನೀರಿನಲ್ಲಿಟ್ಟಿದ್ದರಿಂದ ಅಂಟು ತೆಳುವಾಯಿತು. ಬಿಲ್ಲಿನ ತುದಿಯನ್ನೂ ಹೇರ್ ಡ್ರೈಯರಿನಿಂದ ಕೈಗೆ ಬೆಚ್ಚಗೆ ತಾಗುವಷ್ಟು ಕಾಯಿಸಿದೆ. ಬೆಚ್ಚಗಾದ ಅಂಟು ಬೇಗ ಬಿಗಿಯುತ್ತದೆ ಎಂಬುದನ್ನು ಮರೆಯದೆ ಬೇಕಾದ ಸಾಮಾನನ್ನೆಲ್ಲ ಮೊದಲೇ ಕೈಗೆಟಕುವಂತೆ ಇಟ್ಟುಕೊಂಡಿರಬೇಕು. ಎಪಾಕ್ಸಿ ಚರ್ಮಕ್ಕೆ ಅಲರ್ಜಿ ತರಿಸಬಲ್ಲದು, ಹಾಗಾಗಿ ನೈಟ್ರೈಲ್ ಕೈಗವಸು ಕಡ್ಡಾಯ. ಎಕ್ಸ್‌ರೇ ಫಿಲ್ಮಿನಿಂದ ಕತ್ತರಿಸಿದ ತೆಳು ನಾಲಿಗೆಯ ಮೇಲೆ ಅಂಟು ಸವರಿ, ಬಿರುಕಿನ ಆಳದ ಕೊನೆಗೆ ಮೊದಲು ಮುಟ್ಟಿಸಿ, ಅಲ್ಲಿಂದ ತುದಿಯ ಕಡೆಗೆ ತುಂಬುತ್ತ ಬಂದೆ. ಫೈಬರ್‌ಗ್ಲಾಸಿಗೂ ಮರಕ್ಕೂ ಬೇರೆಬೇರೆಯಾಗಿ ಸವರಬೇಕು. ಎಬ್ಬಿಸಿದ ಪದರವನ್ನು ನಿಧಾನವಾಗಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದಾಗ ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಅಂಚಿನಿಂದ ಹೊರಬಂತು. ಎರಡೂ ಅಂಚುಗಳಲ್ಲಿ ಅಂಟು ಸಣ್ಣ ಮಣಿಗಳಂತೆ ಉದ್ದಕ್ಕೂ ಹೊರಹೊಮ್ಮಿದ ಮೇಲೆ ಪಾಲಿಥಿನ್ ಹಾಳೆ, ಅದರ ಮೇಲೆ ಒತ್ತುಪಟ್ಟಿ, ಅದರ ಮೇಲೆ ಸೈಕಲ್ ಟ್ಯೂಬಿನ ಸುತ್ತು.

ಒಂದು ಹಗಲು ಒಂದು ರಾತ್ರಿ ಅದನ್ನು ಹಾಗೆಯೇ ಬಿಟ್ಟು, ಟ್ಯೂಬನ್ನು ಬಿಚ್ಚದೆ, ಪ್ಲೈವುಡ್ ಪೆಟ್ಟಿಗೆಯೊಂದರಲ್ಲಿ 60 ವಾಟಿನ ಎರಡು ಬುರುಡೆ ಬಲ್ಬು ಉರಿಸಿ, ಥರ್ಮಾಮೀಟರ್ ನೋಡುತ್ತ 50 ಡಿಗ್ರಿಯಲ್ಲಿ ಆರು ಗಂಟೆ ಇರಿಸಿದೆ. ಎಪಾಕ್ಸಿಯನ್ನು ಯಾವ ಉಷ್ಣತೆಯಲ್ಲಿ ಹದಗೊಳಿಸುತ್ತೇವೋ ಅದಕ್ಕೆ ತಕ್ಕಂತೆ ಅದು ಮುಂದೆ ಬಿಸಿಯನ್ನು ತಾಳುವ ಮಿತಿಯೂ ಮೇಲೇರುತ್ತದೆ. 70–80 ಡಿಗ್ರಿಗೆ ಒಯ್ದಿದ್ದರೆ ಹೊಸ ಅಂಟಿಗೆ ಇನ್ನೂ ಒಳ್ಳೆಯದೇ ಆಗುತ್ತಿತ್ತು, ಆದರೆ ಉಳಿದ ಹಳೆಯ ಅಂಟುಗೆರೆಗಳನ್ನು ನೆನೆದು ಅಲ್ಲಿಗೇ ನಿಲ್ಲಿಸಿದೆ. ಹೆದೆ ಇಳಿಸಿದ ಬಿಲ್ಲಿನಲ್ಲಿ ಎಳೆತವೇ ಇಲ್ಲದಿರುವಾಗ 50 ಡಿಗ್ರಿ ಅವುಗಳಿಗೆ ಹಾನಿ ಮಾಡುವುದಿಲ್ಲ.

ಬಿಚ್ಚಿದ ಮೇಲೆ ಅಂಚುಗಳ ಅಂಟನ್ನು ಸಣ್ಣ ಅರದಿಂದ ಸವರಿ, ಬಿರುಕು ಕೊನೆಯಾಗಿದ್ದ ಜಾಗದ ಮೇಲೆ 3 ಸೆಂಟಿಮೀಟರಿನಷ್ಟು ನೈಲಾನ್ ದಾರವನ್ನು ಒತ್ತೊತ್ತಾಗಿ ಸುತ್ತಿ, ಅದಕ್ಕೆ ಅದೇ ಎಪಾಕ್ಸಿ ಉಣಿಸಿದೆ. ಬಿರುಕು ಮತ್ತೆ ಹೊರಡುವುದಾದರೆ ಅಲ್ಲಿಂದಲೇ. ಇಡೀ 11 ಸೆಂಟಿಮೀಟರಿಗೂ ಸುತ್ತಬಹುದಲ್ಲ ಎಂದು ಮಾಲೀಕರು ಕೇಳಿದರು. ತುದಿಯಲ್ಲಿ ಸೇರುವ ಪ್ರತಿ ಗ್ರಾಂ ಬಾಣದ ವೇಗವನ್ನು ತಿನ್ನುತ್ತದೆ, ಹೆದೆ ತೋಳಿಗೆ ತಾಗಿ ಕೂರುವ ಜಾಗದಲ್ಲಿ ಸುತ್ತಿದ ದಾರ ಸವೆಯುತ್ತದೆ; ಆ ಕಾರಣಕ್ಕೆ ಬೇಡವೆಂದೆ. ಕೊನೆಯಲ್ಲಿ ತುದಿಯ ಬರಿ ಮರಕ್ಕೆ ಪಾಲಿಯುರೆಥೇನ್ ವಾರ್ನಿಶ್ ಹಚ್ಚಿದ್ದಾಯಿತು.

ಪರೀಕ್ಷೆ ಮತ್ತು ಈಗಿನ ಸ್ಥಿತಿ

ನಾಣ್ಯದ ಅಂಚಿನಿಂದ ಮೆಲ್ಲನೆ ತಟ್ಟುತ್ತ ಹೋದಾಗ ದುರಸ್ತಿಯಾದ ಭಾಗ ಗಟ್ಟಿ ತೋಳಿನಂತೆಯೇ ಸ್ಪಷ್ಟ ಸದ್ದು ಕೊಟ್ಟಿತು. ಒಂದೇ ಅಂಚು ತೆರೆದಿದ್ದ ಭಾಗದಲ್ಲಿ ಮಾತ್ರ, ಹೆಬ್ಬೆರಳ ಉಗುರಿನ ಅರ್ಧದಷ್ಟು ಜಾಗದಲ್ಲಿ, ಸದ್ದು ತುಸು ಮೊದ್ದು. ಅಲ್ಲಿ ಅಂಟು ಪೂರ್ತಿ ಮುಟ್ಟಿಲ್ಲವೆಂದೇ ನಾನು ತಿಳಿದಿದ್ದೇನೆ. ದಾರದ ಸುತ್ತು ಆ ಜಾಗವನ್ನು ಮುಚ್ಚಿಕೊಂಡಿದೆ.

ಕಾಲಿನ ನಡುವೆ ಸಿಕ್ಕಿಸಿ ಹೆದೆಯೇರಿಸುವ ಹಳೆಯ ಪದ್ಧತಿ ಕೆಳತೋಳನ್ನು ತಿರುಚುತ್ತದೆ, ಆದ್ದರಿಂದ ಎರಡೂ ತುದಿಗೆ ಚರ್ಮದ ಟೊಪ್ಪಿಗೆಯಿರುವ ಹಗ್ಗದಿಂದಲೇ ಏರಿಸಿದೆವು. ಹೆದೆಯೇರಿದ ಸ್ಥಿತಿಯಲ್ಲಿ ಒಂದು ಗಂಟೆ ಬಿಟ್ಟು, ಮತ್ತೆ ನಾಣ್ಯದಿಂದ ತಟ್ಟಿ ನೋಡಿ, ಬಳಿಕ ಹಿಡಿಯನ್ನು ಕಂಬದ ಗೂಟಕ್ಕೆ ಆನಿಸಿ, ಹೆದೆಗೆ ಹಗ್ಗ ಕಟ್ಟಿ ರಾಟೆಯ ಮೂಲಕ ದೂರದಿಂದ ಎಳೆದೆವು. ಮುಖದ ಹತ್ತಿರ ಹಿಡಿದು ಮೊದಲ ಸೆಳೆತ ಎಂದೂ ಮಾಡಬಾರದು. 30 ಸೆಂಟಿಮೀಟರಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಪ್ರತಿ ಹಂತದಲ್ಲಿ ಅನೇಕ ಬಾರಿ ಎಳೆದು ಬಿಟ್ಟು, 66 ಸೆಂಟಿಮೀಟರಿಗೆ ನಿಲ್ಲಿಸಿದೆವು. ಅಂಚಿನ ವಾರ್ನಿಶ್ ಎಲ್ಲೂ ಬಿಳಿಗೆರೆಯಾಗಿ ಬಿರಿಯಲಿಲ್ಲ. ಅಂಟು ಮತ್ತೆ ಬಿಡತೊಡಗಿದರೆ ಮೊದಲು ಕಾಣುವ ಸುಳಿವು ಆ ಬಿಳಿಗೆರೆಯೇ. ಹಿಡಿಯ ಎರಡೂ ಬದಿಯಿಂದ ಸಮದೂರದಲ್ಲಿ ಹೆದೆಗೂ ತೋಳಿಗೂ ಇರುವ ಅಂತರವನ್ನು ಅಳೆದಾಗ ಎರಡು ತೋಳುಗಳ ವ್ಯತ್ಯಾಸ 4 ಮಿಲಿಮೀಟರ್ ಬಂತು, ಇಂಥ ಬಿಲ್ಲಿಗೆ ಅದು ಸಹಜವಾದದ್ದೇ.

71 ಸೆಂಟಿಮೀಟರಿನ ಪೂರ್ತಿ ಸೆಳೆತಕ್ಕೆ ನಾನು ಒಪ್ಪಿಗೆ ಕೊಡಲಿಲ್ಲ. ಮಾಲೀಕರ ತೋಳಿನ ಅಳತೆಗೆ 66 ಸಾಕು, ಕೊನೆಯ 5 ಸೆಂಟಿಮೀಟರಿನಲ್ಲಿ ತುದಿಯ ಬಾಗು ಅತಿ ಹೆಚ್ಚು ಬಿಚ್ಚಿಕೊಳ್ಳುವುದರಿಂದ ಕೀಳುವ ಎಳೆತ ಜೋರಾಗುವುದೂ ಅಲ್ಲಿಯೇ. ಹಗುರ ಬಾಣ ಬೇಡ, ಬಾಣವಿಲ್ಲದೆ ಹೆದೆ ಬಿಡುವುದಂತೂ ಕೂಡದು ಎಂದು ತಿಳಿಸಿದೆ. ಬಿಲ್ಲನ್ನು ಈಗ ಹೆದೆ ಇಳಿಸಿ, ಹಜಾರದಲ್ಲಿ ಬಿಸಿಲು ಬೀಳದ ಗೋಡೆಗೆ ಎರಡು ಗೂಟಗಳ ಮೇಲೆ ಅಡ್ಡಲಾಗಿ ಮಲಗಿಸಿಟ್ಟಿದ್ದಾರೆ. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ತಟ್ಟಿ ನೋಡಿದಾಗ ಆ ಮೊದ್ದು ಸದ್ದಿನ ಜಾಗ ಹಿಗ್ಗಿರಲಿಲ್ಲ. ಮೇಲಿನ ತೋಳಿನ ತುದಿಯಲ್ಲಿ ವಾರ್ನಿಶ್ ತೆಳುವಾಗಿದ್ದ ಅಂಚನ್ನು ಅದೇ ಸಂದರ್ಭದಲ್ಲಿ ಉಜ್ಜಿ ಹೊಸ ಲೇಪ ಕೊಟ್ಟೆವು, ಮುಂದಿನ ತಪಾಸಣೆ ಬೇಸಿಗೆಯ ಕೊನೆಗೆ ನಡೆಯಲಿದೆ.